ಪಡಿಲೆಕ್ಕ

ಖಡ್ಕಿ ಬಜಾರಿನಲ್ಲಿ, ಹೊಲಿಗೆಯಂತ್ರ ರಿಪೇರಿಯವನ ಮಗ್ಗುಲಿಗೆ
ಎಂಟಡಿ ಅಗಲದ ನನ್ನ ಬಾಡಿಗೆ ಪುಸ್ತಕದಂಗಡಿ.
ಗೋಡೆಗೆ ಮೂರು ಭಾಷೆಯಲ್ಲಿ ಬರೆದಿದ್ದೇನೆ:
ಪುಸ್ತಕದಲ್ಲಿ ಗೀಚಿದರೆ ಐದು ರೂಪಾಯಿ ದಂಡ.
ಯಾರು ಓದುತ್ತಾರೆ ಗೋಡೆಯನ್ನು.

ಓದುವುದು ಆ ಸಂಪುಟಗಳನ್ನು.
ಬೂದಿಪಡೆಯ ಕಥೆ, ಇಂಗ್ಲಿಷಿನದು, ಒಂದೊಂದೂ ಇಟ್ಟಿಗೆ.
ಮೊದಲಲ್ಲಿ ನಕಾಶೆ, ಕೊನೆಯಲ್ಲಿ ಸತ್ತವರ ಪಟ್ಟಿ,
ನಡುವೆ ಮೂರು ಸಾಮ್ರಾಜ್ಯ, ಮಾತಾಡುವ ಕತ್ತಿ,
ಊರನ್ನೇ ನುಂಗಿ ತೇಗುವ ದೇವತೆಗಳು.
ಆರು ಬಂದಿದ್ದವು. ಏಳನೆಯದಕ್ಕೆ
ಒಂಬತ್ತು ವರ್ಷ ಕಾದೆವು.

ಕಾಯುವವರು ಸುಮ್ಮನಿರುತ್ತಾರೆಯೆ?
ಪೆನ್ಸಿಲು ಹಿಡಿದು ಪುಟದಂಚಿಗೆ ಇಳಿದರು.

ಮಲ್ಹಾರ್ ಢೋರೆ, ಎನ್‌ಡಿಎ ಪರೀಕ್ಷೆಗೆ ಎರಡು ಸಲ ಕೂತವನು,
ಕರಿಸೇತುವೆಯ ಕಾಳಗದ ಉದ್ದಕ್ಕೂ ಬಾಣದ ಗುರುತು ಹಾಕಿ
'ಎಡಮಗ್ಗುಲು ಬಯಲು ಬಿಟ್ಟ ಈ ಸೇನಾಪತಿ ಕತ್ತೆ'
ಎಂದು ಮರಾಠಿಯಲ್ಲಿ ಬರೆದ.
ಅದರ ಕೆಳಗೆ ಮದ್ದಿನ ಕಾರ್ಖಾನೆಯ ಇಸ್ಮಾಯಿಲ್ ಅತ್ತಾರ:
'ಕತ್ತೆಯೇ ಗೆದ್ದನಲ್ಲಪ್ಪ, ಮುಂದೆ ಓದು.'
ಮಾಟದ ಬೆಂಕಿಯನ್ನು ಚಕಾರವೆತ್ತದೆ ನಂಬಿದ ಅದೇ ಅತ್ತಾರರು
ಮುನ್ನೂರನೆಯ ಪುಟದ ಸಿಡಿಮದ್ದನ್ನು ನಂಬಲಿಲ್ಲ:
'ನೆನೆದ ಪೀಪಾಯಿ ಹೀಗೆ ಹೊತ್ತುವುದಿಲ್ಲ.
ಮೂವತ್ತೊಂದು ವರ್ಷದ ಸರ್ವಿಸ್ ನನ್ನದು.'

ಹವಾಲ್ದಾರ ಕಲ್ಲಪ್ಪ ಕಮತಗಿಯವರದು ಒಂದೇ ತಕರಾರು.
ಸೈನ್ಯದ ಹೇಸರಗತ್ತೆಗಳಿಗೆ ಇಪ್ಪತ್ತೆರಡು ವರ್ಷ
ಹುರುಳಿ, ಹುಲ್ಲು ಅಳೆದುಕೊಟ್ಟವರು.
"ಹನ್ನೆರಡು ಸಾವಿರ ಕುದುರಿ ಮರಳುಗಾಡಿಗೆ ಬಂದ್ವು,
ಮೇವು ಎಲ್ಲೈತಿ ಯವ್ವಾ? ನೀರು ಹೊತ್ತವರ್ಯಾರು?
ಹಾರೋ ಹಾವು ಇರಲಿ ಬಿಡು, ಒಪ್ಪತೀನಿ.
ಹೊಟ್ಟಿ ಇಲ್ಲದ ಕುದುರಿ ಒಪ್ಪಂಗಿಲ್ಲ."
ಬೈಯುತ್ತಲೇ ಆರನ್ನೂ ಮೂರು ಸುತ್ತು ಮುಗಿಸಿದರು.

ಸಿಸ್ಟರ್ ಪ್ರಮಿಳಾ ವಾಘಮಾರೆ ಮಾತ್ರ
ಕಾಳಗ ಬಂದರೆ ಪುಟ ಹಾರಿಸುವವಳು.
ಮಿಲಿಟರಿ ಆಸ್ಪತ್ರೆಯ ರಾತ್ರಿಪಾಳಿ,
ಅಲ್ಲಿ ಕಂಡದ್ದೇ ಸಾಕು ಎನ್ನುತ್ತಾಳೆ.
ಅವಳ ಕಣ್ಣೆಲ್ಲ ಓರ್ಬನ್ ಮೇಲೆ.
ಪಡೆಯ ಅಡುಗೆಯವನು, ತೊದಲ,
ನಾಲ್ಕನೆಯ ಸಂಪುಟದಲ್ಲಿ ಸೌಟು ತೊಳೆಯಲು ಹೊಳೆಗಿಳಿದವನು
ಮೇಲೆ ಬಂದದ್ದನ್ನು ಯಾರೂ ಬರೆದಿಲ್ಲ.
ಸತ್ತವರ ಪಟ್ಟಿಯಲ್ಲೂ ಇಲ್ಲ.
ಐದರ ಕೊನೆಯ ಹಾಳೆಯಲ್ಲಿ ಅವಳು ಸಣ್ಣಗೆ: 'ಓರ್ಬನ್ ಎಲ್ಲಿ?'
ಆರರಲ್ಲೂ ಅದೇ, ತುಸು ಒತ್ತಿ.
ಮಲ್ಹಾರ್ ನಕ್ಕ: ದೇವರುಗಳೇ ಸತ್ತು ಬಿದ್ದಿದ್ದಾರೆ,
ಇವಳಿಗೆ ಅಡುಗೆಯವನ ಚಿಂತೆ.

ಏಳನೆಯದು ಶ್ರಾವಣದಲ್ಲಿ ಬಂತು, ಸಾವಿರದ ನಲವತ್ತು ಪುಟ.
ಅತ್ತಾರರಿಗೆ ಹಿಡಿಸಿತು. ಮಲ್ಹಾರ್ ಮೂರು ದಿನ ಮಾತಾಡಲಿಲ್ಲ,
ನಾಲ್ಕನೆಯ ದಿನ 'ಮೋಸ' ಎಂದ,
ಎಂದವನೇ ಮತ್ತೊಂದು ವಾರಕ್ಕೆ ಬರೆಸಿಕೊಂಡ.
ಪ್ರಮಿಳಾ ಎರಡೇ ರಾತ್ರಿಯಲ್ಲಿ ತಂದಿಟ್ಟಳು.
ಕೊನೆಯ ಹಾಳೆ ತಿರುವಿ ನೋಡಿದೆ: ಖಾಲಿ.
ಕೇಳಲು ಬಾಯಿ ಬರಲಿಲ್ಲ.

ಕಲ್ಲಪ್ಪನವರು ತಿಂಗಳು ಹಿಡಿದರು.
ಪುಸ್ತಕ ಇಟ್ಟರು, ಅದರ ಮೇಲೆ ಐದು ರೂಪಾಯಿಯ ನಾಣ್ಯ ಇಟ್ಟರು,
ಏನೂ ಅನ್ನದೆ ಕೊಡೆ ಬಿಚ್ಚಿ ಹೋದರು.
ಹುಡುಕಿದೆ. ಸಾವಿರದ ಹದಿನಾರನೆಯ ಪುಟ:
ಯುದ್ಧ ಮುಗಿದು, ಉಳಿದವರು ಮನೆಯ ದಾರಿ ಹಿಡಿದು,
ದಳಪತಿ ತಲೆ ಎಣಿಸುತ್ತಾನೆ. ನಾಲ್ಕುನೂರ ಹನ್ನೊಂದು.
ಆ ಮಾತಿಗೆ ಒಂದು ಗೆರೆ, ಅಡ್ಡಪಟ್ಟಿ ಇಟ್ಟು ಎಳೆದದ್ದು.
ಪಕ್ಕದಲ್ಲಿ, ಈ ಬಜಾರಿನಲ್ಲಿ ನಾವಿಬ್ಬರೇ ಓದಬಲ್ಲ ಅಂಕಿಯಲ್ಲಿ
೪೧೨.
ಕೆಳಗೆ, ಪಡಿಚೀಟಿ ಬರೆದು ಪಳಗಿದ ದುಂಡಕ್ಷರ:
'ಒಬ್ಬಾಂವ ಹಿಂದಿನಿಂದ ಬರಾಕತ್ಯಾನ. ರೊಟ್ಟಿ ತೆಗೆದಿಡ್ರಿ.'

ಪ್ರಮಿಳಾಳಿಗೆ ಫೋನು ಹಚ್ಚಿದೆ:
ಪಾಳಿ ಮುಗಿಸಿ ಇತ್ತ ಬಂದು ಹೋಗು,
ನಿನಗೆ ಮೂರು ಅಂಕಿ ಕಲಿಸುವುದಿದೆ.